ಎರಡು ತಿಂಗಳ ಮೇಷ್ಟ್ರು ಐನ್‌ಸ್ಟೀನ್

ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಒಂದೇ ವಿಷಯ. ಅಣ್ಣ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ಕಾರ್ಖಾನೆಯ ನೌಕರನಲ್ಲ, ಏಜೆನ್ಸಿ ಮೂಲಕ ಸೇರಿದವನು. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್, ಏಳು ಮುಗಿದಿದೆ. ಈಗ ಇನ್ನೊಂದು ಕಡೆಯಿಂದ ಕರೆ ಬಂದಿದೆ. ಇಂಟರ್ವ್ಯೂ ಆಗಿದೆ, ತಗೋತೀವಿ ಅಂದಿದ್ದಾರೆ, ಆದರೆ ಕೈಗೆ ಕಾಗದ ಬಂದಿಲ್ಲ. ಇರೋದನ್ನ ಬಿಟ್ಟು ಓಡಬಾರದು ಅನ್ನುವುದು ಅಪ್ಪನ ವಾದ. ನಾಲ್ಕು ತಿಂಗಳಾದ ಮೇಲೆ ಅವರೇ ಬಿಡಿಸ್ತಾರಲ್ಲ, ಆಗೇನು ಮಾಡ್ತಾನೆ ಅನ್ನುವುದು ಅಮ್ಮನ ವಾದ. ಅಣ್ಣ ಎರಡಕ್ಕೂ ಉತ್ತರ ಕೊಡುವುದಿಲ್ಲ. ಊಟ ಮುಗಿಸಿ ಮೊಬೈಲ್ ಹಿಡಿದು ಟೆರೇಸಿಗೆ ಹೋಗುತ್ತಾನೆ.

ನಾನು ಮೆಕ್ಯಾನಿಕಲ್ ಬಿ.ಇ. ಐದನೇ ಸೆಮಿಸ್ಟರ್. ಇಂಟರ್ನಲ್ಸ್‌ಗೆ ಓದಲು ಲೈಬ್ರರಿಗೆ ಹೋದವನು, ಓದುವ ಮನಸ್ಸಾಗದೆ ಐನ್‌ಸ್ಟೀನ್ ಜೀವನಚರಿತ್ರೆ ತೆಗೆದುಕೊಂಡು ಕೂತೆ. ಸಾಪೇಕ್ಷತಾ ಸಿದ್ಧಾಂತದ ಪುಟ ಬಂದರೆ ಮುಚ್ಚಿಡೋಣ ಅಂದುಕೊಂಡಿದ್ದೆ. ಆ ಪುಟಕ್ಕೆ ಮೊದಲೇ ಸಿಕ್ಕಿದ್ದು ಕೆಲಸ ಹುಡುಕಿ ಅಲೆಯುತ್ತಿದ್ದ ಒಬ್ಬ ಹುಡುಗ. ಪೇಟೆಂಟ್ ಆಫೀಸಿನ ಗುಮಾಸ್ತ ಜಗತ್ತನ್ನೇ ಬದಲಿಸಿದ ಅಂತ ಪ್ರೈಮರಿ ಸ್ಕೂಲಿನಿಂದ ಕೇಳಿದ್ದೇವೆ. ಆ ಕುರ್ಚಿಗೆ ಬಂದು ಕೂರಲು ಅವನು ಎಷ್ಟು ತಾತ್ಕಾಲಿಕ ಕೆಲಸ ಮಾಡಿದ, ಯಾವುದನ್ನು ಯಾವಾಗ ಬಿಟ್ಟ ಅಂತ ಯಾರೂ ಹೇಳಿರಲಿಲ್ಲ. (ಏಕವಚನದಲ್ಲೇ ಬರೆಯುತ್ತೇನೆ, ಕ್ಷಮಿಸಿ. ಈ ಕಥೆಯಲ್ಲಿ ಅವನಿಗೆ ನನಗಿಂತ ಒಂದೆರಡು ವರ್ಷ ಹೆಚ್ಚು, ಅಷ್ಟೇ.)

ಆಲ್ಬರ್ಟ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್‌ನಲ್ಲಿ. ಅಪ್ಪ ಹರ್ಮನ್ ಮತ್ತು ಚಿಕ್ಕಪ್ಪ ಯಾಕೋಬ್ ಸೇರಿ ಮ್ಯೂನಿಕ್‌ನಲ್ಲಿ ವಿದ್ಯುತ್ ಉಪಕರಣಗಳ ಕಂಪನಿ ನಡೆಸುತ್ತಿದ್ದರು. ಡೈನಮೊ, ಬೀದಿ ದೀಪ, ಇಂಥವು. ದೊಡ್ಡ ಕಂಪನಿಗಳ ಎದುರು ನಿಲ್ಲಲಾಗದೆ 1894ರಲ್ಲಿ ಅದು ಮುಳುಗಿತು, ಮನೆಯವರು ಇಟಲಿಗೆ ಹೋದರು. ಅಲ್ಲೂ ವ್ಯಾಪಾರ ಕೈಹಿಡಿಯಲಿಲ್ಲ. ಹಾಗಾಗಿ 1896ರಲ್ಲಿ ಜ್ಯೂರಿಕ್‌ನ ಪಾಲಿಟೆಕ್ನಿಕ್ ಸೇರಿದ ಹುಡುಗನಿಗೆ ಮನೆಯಿಂದ ಹೆಚ್ಚೇನೂ ಬರುವಂತಿರಲಿಲ್ಲ. ತಾಯಿಯ ಕಡೆಯ ಬಂಧುಗಳು ತಿಂಗಳಿಗೆ 100 ಫ್ರಾಂಕ್ ಕಳಿಸುತ್ತಿದ್ದರು. ಅದರಲ್ಲಿ 20 ಫ್ರಾಂಕ್ ಸ್ವಿಸ್ ಪೌರತ್ವದ ಶುಲ್ಕಕ್ಕೆ ಎತ್ತಿಡುತ್ತಿದ್ದ, ಉಳಿದದ್ದರಲ್ಲಿ ಬದುಕುತ್ತಿದ್ದ.

ಕಾಲೇಜಿನಲ್ಲಿ ಅವನು ಮಾದರಿ ವಿದ್ಯಾರ್ಥಿ ಆಗಿರಲಿಲ್ಲ. ಕ್ಲಾಸಿಗೆ ಚಕ್ಕರ್ ಹೊಡೆದು ರೂಮಿನಲ್ಲಿ ತನಗೆ ಬೇಕಾದ ಪುಸ್ತಕ ಓದುತ್ತಿದ್ದ. ಪರೀಕ್ಷೆ ಹತ್ತಿರ ಬಂದಾಗ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ಬರೆದ ನೋಟ್ಸೇ ಗತಿ. (ಪ್ರತಿ ಬ್ಯಾಚಿನಲ್ಲೂ ಒಬ್ಬ ಗ್ರಾಸ್‌ಮನ್ ಇರುತ್ತಾನೆ, ನಮ್ಮ ಬ್ಯಾಚಿನವನ ನೋಟ್ಸ್ ಈಗ ಪಿಡಿಎಫ್ ಆಗಿ ಮೂರು ಸೆಕ್ಷನ್ ಸುತ್ತುತ್ತದೆ.) ಭೌತಶಾಸ್ತ್ರದ ಪ್ರೊಫೆಸರ್ ಹೈನ್ರಿಕ್ ವೆಬರ್ ಅವರ ಪಾಠ ಹಳೆಯದಾಯಿತು ಅಂತ ಆಲ್ಬರ್ಟ್‌ನ ಅಸಮಾಧಾನ. ಅವರನ್ನು ಪ್ರೊಫೆಸರ್ ಎಂದು ಕರೆಯದೆ ಬರೀ ವೆಬರ್ ಅವರೇ ಎನ್ನುತ್ತಿದ್ದ. 1900ರ ಬೇಸಿಗೆಯಲ್ಲಿ ಡಿಪ್ಲೊಮಾ ಪರೀಕ್ಷೆ ಆಯಿತು. ಅವನ ವಿಭಾಗದಲ್ಲಿ ಪರೀಕ್ಷೆ ಬರೆದವರು ಐದು ಜನ. ಪಾಸಾದ ನಾಲ್ವರಲ್ಲಿ ಆಲ್ಬರ್ಟ್ ಕೊನೆಯವನು. ಫೇಲಾದವಳು ಮಿಲೆವಾ ಮಾರಿಚ್, ಅವನು ಮದುವೆಯಾಗಬೇಕೆಂದಿದ್ದ ಹುಡುಗಿ. ಪಾಸಾದ ಉಳಿದ ಮೂವರಿಗೂ ಅದೇ ಕಾಲೇಜಿನಲ್ಲಿ ಸಹಾಯಕರ ಕೆಲಸ ಸಿಕ್ಕಿತು. ಇವನೊಬ್ಬನಿಗೆ ಸಿಗಲಿಲ್ಲ. ವೆಬರ್‌ಗೆ ಸಹಾಯಕರು ಬೇಕಿತ್ತು, ಆದರೆ ಅವರು ಇಬ್ಬರು ಮೆಕ್ಯಾನಿಕಲ್ ಎಂಜಿನಿಯರ್‌ಗಳನ್ನು ತೆಗೆದುಕೊಂಡರು. ಈ ಸಾಲು ಓದಿದಾಗ ನನ್ನ ಬ್ರಾಂಚಿನ ಬಗ್ಗೆ ಸ್ವಲ್ಪ ಹೆಮ್ಮೆ ಪಟ್ಟಿದ್ದು ನಿಜ.

ಡಿಗ್ರಿ ಬಂತು, ಬಂಧುಗಳ 100 ಫ್ರಾಂಕ್ ನಿಂತಿತು. 1901ರ ಫೆಬ್ರವರಿಯಲ್ಲಿ ಸ್ವಿಸ್ ಪೌರತ್ವ ಸಿಕ್ಕಿತು, ಮಾರ್ಚ್‌ನಲ್ಲಿ ಒಂದು ಒಳ್ಳೆಯ ಪತ್ರಿಕೆಯಲ್ಲಿ ಮೊದಲ ಸಂಶೋಧನಾ ಲೇಖನ ಪ್ರಕಟವಾಯಿತು. ಅದರ ಪ್ರತಿಯನ್ನು ಇಟ್ಟು ಯುರೋಪಿನ ಪ್ರೊಫೆಸರ್‌ಗಳಿಗೆ ಪತ್ರ ಬರೆಯತೊಡಗಿದ. ಲೈಪ್‌ಜಿಗ್‌ನ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್‌ಗೆ ಬರೆದ. ಲೈಡನ್‌ನ ಕಾಮರ್ಲಿಂಗ್ ಓನ್ಸ್‌ಗೆ ಉತ್ತರ ಬರೆಯಲು ಅನುಕೂಲವಾಗಲೆಂದು ಅಂಚೆ ಖರ್ಚು ಕಟ್ಟಿದ ಕಾರ್ಡನ್ನೇ ಜೊತೆಗೆ ಕಳಿಸಿದ. ಆ ಕಾರ್ಡು ಮರಳಿ ಬರಲಿಲ್ಲ. ನಾವು ಇಂದು ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮೆ ಹಾಕಿ, ಅವರು ತೆರೆದು ನೋಡಿದರಾ ಇಲ್ಲವಾ ಅಂತ ಕಾಯುತ್ತೇವಲ್ಲ, ಹಾಗೆ ಅವನು ಅಂಚೆಯವನಿಗೆ ಕಾದ.

ಈ ಪುಸ್ತಕದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಅವನ ಅಪ್ಪ. 1901ರ ಏಪ್ರಿಲ್‌ನಲ್ಲಿ ಹರ್ಮನ್ ಐನ್‌ಸ್ಟೀನ್ ಮಗನಿಗೆ ತಿಳಿಸದೆ ಓಸ್ಟ್‌ವಾಲ್ಡ್‌ಗೆ ತಾನೇ ಒಂದು ಪತ್ರ ಬರೆದ. ಮಗ ಕೆಲಸವಿಲ್ಲದೆ ಕುಗ್ಗಿಹೋಗಿದ್ದಾನೆ, ನಮಗೆ ಹೊರೆಯಾದೆ ಅಂದುಕೊಳ್ಳುತ್ತಿದ್ದಾನೆ, ಸಾಧ್ಯವಾದರೆ ಅವನ ಲೇಖನ ಓದಿ ಎರಡು ಒಳ್ಳೆಯ ಮಾತು ಬರೆಯಿರಿ, ಸಹಾಯಕನ ಕೆಲಸ ಕೊಡಿಸಿದರೆ ಉಪಕಾರ ಮರೆಯುವುದಿಲ್ಲ ಎಂಬುದು ಪತ್ರದ ಸಾರ. ದಿವಾಳಿಯಾದ ವ್ಯಾಪಾರಿ, ಪರಿಚಯವೇ ಇಲ್ಲದ ದೊಡ್ಡ ವಿಜ್ಞಾನಿಯ ಮುಂದೆ ಕೈಜೋಡಿಸಿ ನಿಂತ ಹಾಗಿದೆ. ಇದರಿಂದ ಏನೂ ಆಗಲಿಲ್ಲ. ಇರೋದನ್ನ ಬಿಡಬೇಡ ಅಂತ ನಮ್ಮಪ್ಪ ಗದರುವಾಗ ನನಗೆ ಈಗ ಈ ಪತ್ರ ನೆನಪಾಗುತ್ತದೆ.

ಅದೇ ಏಪ್ರಿಲ್‌ನಲ್ಲಿ ಎರಡು ಸುದ್ದಿ ಹತ್ತಿರ ಹತ್ತಿರದಲ್ಲೇ ಬಂದವು. ಒಂದು, ವಿಂಟರ್‌ಟೂರ್ ಊರಿನ ತಾಂತ್ರಿಕ ಶಾಲೆಯ ಅಧ್ಯಾಪಕರೊಬ್ಬರು ಸೈನಿಕ ತರಬೇತಿಗೆ ಹೋಗಬೇಕು, ಮೇ 15ರಿಂದ ಜುಲೈ 15ರವರೆಗೆ ಅವರ ಬದಲು ಪಾಠ ಮಾಡಲು ಬರುತ್ತೀಯಾ ಎಂಬ ಕರೆ. ಇನ್ನೊಂದು ಗ್ರಾಸ್‌ಮನ್‌ನಿಂದ. ನೋಟ್ಸ್ ಕೊಟ್ಟ ಗೆಳೆಯ ಈ ಬಾರಿ ತನ್ನ ಅಪ್ಪನ ಕೈಲಿ ಬರ್ನ್‌ನ ಪೇಟೆಂಟ್ ಕಚೇರಿಯ ನಿರ್ದೇಶಕ ಫ್ರೀಡ್ರಿಕ್ ಹಾಲರ್‌ಗೆ ಶಿಫಾರಸು ಮಾಡಿಸಿದ್ದ. ಆದರೆ ಅಲ್ಲಿ ಹುದ್ದೆ ಇನ್ನೂ ತೆರವಾಗಿರಲಿಲ್ಲ. ಆದಾಗ ನೋಡೋಣ ಎಂಬಷ್ಟೇ ಭರವಸೆ.

ಆಲ್ಬರ್ಟ್ ಕೈಗೆ ಸಿಕ್ಕ ಎರಡು ತಿಂಗಳ ಕೆಲಸ ಹಿಡಿದ. ವಾರಕ್ಕೆ ಸುಮಾರು 30 ಗಂಟೆ ಪಾಠ. ಅದರಲ್ಲಿ ವಿವರಣಾತ್ಮಕ ರೇಖಾಗಣಿತವೂ ಇತ್ತು, ಅಂದರೆ ನಮ್ಮ ಎಂಜಿನಿಯರಿಂಗ್ ಡ್ರಾಯಿಂಗ್‌ನ ತಾತ. ಪಾಠ ಮಾಡುವುದು ತನಗೆ ಇಷ್ಟು ಇಷ್ಟವಾಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಬೆಳಗ್ಗೆ ಐದಾರು ಗಂಟೆ ಕ್ಲಾಸ್ ಮುಗಿಸಿದರೂ ತಲೆ ಚುರುಕಾಗಿಯೇ ಇರುತ್ತಿತ್ತು, ಮಧ್ಯಾಹ್ನದ ಮೇಲೆ ಲೈಬ್ರರಿಯಲ್ಲಿ ಕೂತು ತನ್ನ ಓದು ಓದಿಕೊಳ್ಳುತ್ತಿದ್ದ. ಆದರೆ ಜುಲೈ 15 ಬಂದೇ ಬಂತು.

ಮಿಲೆವಾ ಆ ಜುಲೈನಲ್ಲಿ ಎರಡನೇ ಸಲ ಪರೀಕ್ಷೆ ಬರೆದು ಮತ್ತೆ ಫೇಲಾದಳು. ಆಗ ಅವಳು ಗರ್ಭಿಣಿ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಅವನ ಮನೆಯಲ್ಲಿ ಈ ಸಂಬಂಧಕ್ಕೆ ಒಪ್ಪಿಗೆಯೂ ಇರಲಿಲ್ಲ. ಅವಳು ತವರಿಗೆ ಹೋದಳು. ಅವನು ಸೆಪ್ಟೆಂಬರ್‌ನಲ್ಲಿ ಶಾಫ್‌ಹೌಸನ್ ಎಂಬ ಊರಿನ ಖಾಸಗಿ ಬೋರ್ಡಿಂಗ್ ಶಾಲೆಗೆ ಸೇರಿದ. ಕೆಲಸ ಅಂದರೆ ಒಬ್ಬ ಇಂಗ್ಲಿಷ್ ಹುಡುಗನನ್ನು ಪರೀಕ್ಷೆಗೆ ತಯಾರು ಮಾಡುವುದು. ತಿಂಗಳಿಗೆ 150 ಫ್ರಾಂಕ್, ಊಟ ವಸತಿ ಉಚಿತ, ಒಂದು ವರ್ಷದ ಒಪ್ಪಂದ. ಲೆಕ್ಕಕ್ಕೆ ತೆಗೆದುಕೊಂಡರೆ ಕೆಟ್ಟ ಕೆಲಸವೇನಲ್ಲ. ಆದರೆ ಶಾಲೆಯ ಯಜಮಾನ ಯಾಕೋಬ್ ನ್ಯೂಯೆಶ್ ಮನೆಯವರ ಜೊತೆಗೇ ಕೂತು ಉಣ್ಣಬೇಕು, ಅವರ ಕಣ್ಣಳತೆಯಲ್ಲೇ ಇರಬೇಕು. ಅವನಿಗೆ ಅದು ಉಸಿರು ಕಟ್ಟಿಸಿತು. ಊಟದ ಹಣ ಕೈಗೆ ಕೊಟ್ಟುಬಿಡಿ, ಹೊರಗೆ ಉಣ್ಣುತ್ತೇನೆ ಎಂದು ಕೇಳಿ ಜಗಳವೂ ಆಯಿತು. ಇನ್ನೊಬ್ಬರ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದವರಿಗೆ ಇದು ಎಂಥ ಜಗಳ ಅಂತ ವಿವರಿಸಬೇಕಿಲ್ಲ.

ಡಿಸೆಂಬರ್‌ನಲ್ಲಿ ಕೊನೆಗೂ ಬರ್ನ್‌ನ ಹುದ್ದೆಯ ಜಾಹೀರಾತು ಸ್ವಿಸ್ ಸರ್ಕಾರದ ಗೆಜೆಟ್‌ನಲ್ಲಿ ಬಂತು. ವಾರದೊಳಗೆ, 18ರಂದು, ಆಲ್ಬರ್ಟ್ ಅರ್ಜಿ ಹಾಕಿದ. ಕೆಲಸ ತನಗೇ ಎಂದು ಅವನಿಗೆ ಬಹುತೇಕ ಖಾತ್ರಿಯಿತ್ತು. ಆದರೆ ನೇಮಕಾತಿ ಪತ್ರ ಬಂದಿರಲಿಲ್ಲ. ಬರುವ ದಿನಾಂಕವೂ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಚರ್ಚೆಯಾಗುತ್ತಿರುವ ಪರಿಸ್ಥಿತಿ ಕರಾರುವಾಕ್ಕಾಗಿ ಇದೇ. ಒಪ್ಪಂದ ಇನ್ನೂ ಏಳೆಂಟು ತಿಂಗಳು ಬಾಕಿ, ಹೊಸ ಕಡೆ ಬಾಯಿಮಾತು. ಆಲ್ಬರ್ಟ್ ಏನು ಮಾಡಿದ? 1902ರ ಜನವರಿ ಕೊನೆಗೆ ಶಾಫ್‌ಹೌಸನ್ ಬಿಟ್ಟು ಗಂಟುಮೂಟೆ ಕಟ್ಟಿಕೊಂಡು ಬರ್ನ್‌ಗೆ ಹೋಗಿ ಕೂತ. ಅದೇ ಹೊತ್ತಿಗೆ ದೂರದಲ್ಲಿ ಮಿಲೆವಾಗೆ ಹೆಣ್ಣು ಮಗು ಹುಟ್ಟಿತ್ತು. ಆ ಮಗುವಿನ ವಿಷಯ ಲೋಕಕ್ಕೆ ತಿಳಿದದ್ದು ಐನ್‌ಸ್ಟೀನ್ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ, ಹಳೆಯ ಪತ್ರಗಳು ಪ್ರಕಟವಾದಾಗ. ಅದಕ್ಕೆ ಮುಂದೆ ಏನಾಯಿತು ಎಂಬುದು ಇವತ್ತಿಗೂ ಯಾರಿಗೂ ಸ್ಪಷ್ಟವಿಲ್ಲ.

ಇದನ್ನು ಧೈರ್ಯ ಅಂತ ಕೊಂಡಾಡುವುದು ಸುಲಭ, ಮೋಟಿವೇಷನ್ ವಿಡಿಯೊಗಳು ಹಾಗೇ ಮಾಡುತ್ತವೆ. ನನಗೆ ಹಾಗನ್ನಿಸಲಿಲ್ಲ. ಯಜಮಾನನ ಜೊತೆ ಸಂಬಂಧ ಕೆಟ್ಟಿತ್ತು, ಬರ್ನ್‌ನ ಆಸೆ ಎಳೆಯುತ್ತಿತ್ತು, ತಲೆಯ ಮೇಲೆ ಸಂಸಾರದ ಚಿಂತೆ. ಹೋದ. ಹೋದ ಮೇಲೆ ಸುಮಾರು ಐದು ತಿಂಗಳು ಸಂಬಳವಿಲ್ಲ. ಫೆಬ್ರವರಿ ಮೊದಲ ವಾರ ಸ್ಥಳೀಯ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟ. ಗಣಿತ, ಭೌತಶಾಸ್ತ್ರದ ಖಾಸಗಿ ಪಾಠ, ಮೊದಲ ಪಾಠ ಉಚಿತ ಎಂದು. ನಮ್ಮ ಬೀದಿಯ ವಿದ್ಯುತ್ ಕಂಬಕ್ಕೆ ಅಂಟಿಸಿದ ಟ್ಯೂಷನ್ ಚೀಟಿಯಲ್ಲೂ ಡೆಮೊ ಕ್ಲಾಸ್ ಫ್ರೀ ಅಂತಲೇ ಇದೆ. ಅದನ್ನು ನೋಡಿ ಬಂದವನು ಮೌರಿಸ್ ಸೊಲೊವಿನ್ ಎಂಬ ರೊಮೇನಿಯಾದ ವಿದ್ಯಾರ್ಥಿ. ಸ್ವಲ್ಪ ದಿನಕ್ಕೆ ಪಾಠ ನಿಂತು ಬರೀ ಚರ್ಚೆ ಶುರುವಾಯಿತು. ಶಾಫ್‌ಹೌಸನ್‌ನಲ್ಲಿ ಪರಿಚಯವಾಗಿದ್ದ ಕಾನ್ರಾಡ್ ಹಬಿಷ್ಟ್ ಕೂಡ ಬಂದು ಸೇರಿಕೊಂಡ. ಮೂವರೂ ತಮಾಷೆಗೆ ತಮ್ಮ ಗುಂಪನ್ನು ಒಲಿಂಪಿಯಾ ಅಕಾಡೆಮಿ ಎಂದು ಕರೆದುಕೊಂಡರು. ಗೆಳೆತನ ಬಂತು, ಫೀಸು ಹೋಯಿತು.

ಇನ್ನೊಂದು ಸಣ್ಣ ಲೆಕ್ಕ. ಹಿಂದಿನ ನವೆಂಬರ್‌ನಲ್ಲಿ ಅವನು ಜ್ಯೂರಿಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆಲ್ಫ್ರೆಡ್ ಕ್ಲೈನರ್‌ಗೆ ಪಿಎಚ್‌.ಡಿ. ಪ್ರಬಂಧ ಕೊಟ್ಟಿದ್ದ. ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಂಡ, ಕಟ್ಟಿದ್ದ 230 ಫ್ರಾಂಕ್ ಶುಲ್ಕ ವಾಪಸ್ ಬಂತು. ಬರ್ನ್‌ನ ಆ ಖಾಲಿ ತಿಂಗಳುಗಳಲ್ಲಿ ಅವನ ಬಾಡಿಗೆ, ಬ್ರೆಡ್ಡು ನಡೆದದ್ದು ಈ ಹಣದಿಂದಲೂ ಇರಬೇಕು ಎಂಬುದು ನನ್ನ ಊಹೆ. ಕ್ಲೈನರ್ ಹೆಸರು ನೆನಪಿರಲಿ.

ಜೂನ್ 16ಕ್ಕೆ ಆದೇಶ ಹೊರಟಿತು, 23ಕ್ಕೆ ಕೆಲಸಕ್ಕೆ ಹಾಜರಾದ. ಮೂರನೇ ದರ್ಜೆಯ ತಾಂತ್ರಿಕ ಪರಿಣತ, ವರ್ಷಕ್ಕೆ 3,500 ಫ್ರಾಂಕ್. ಅದೂ ತಾತ್ಕಾಲಿಕ ನೇಮಕವೇ! ಅಕ್ಟೋಬರ್‌ನಲ್ಲಿ ಅಪ್ಪ ತೀರಿಕೊಂಡರು, ಸಾಯುವ ಮುನ್ನ ಮದುವೆಗೆ ಒಪ್ಪಿಗೆ ಕೊಟ್ಟಿದ್ದರು. 1903ರ ಜನವರಿ 6ರಂದು ಮಿಲೆವಾ ಜೊತೆ ಮದುವೆಯಾಯಿತು. ಕೆಲಸ ಖಾಯಂ ಆದದ್ದು 1904ರ ಸೆಪ್ಟೆಂಬರ್‌ನಲ್ಲಿ, ಅಂದರೆ ಎರಡು ವರ್ಷದ ಮೇಲೆ. ಸಂಬಳ 400 ಫ್ರಾಂಕ್ ಏರಿತು, ಬಡ್ತಿ ಕೊಡಲಿಲ್ಲ. ಇವನು ಓದಿದ್ದು ಭೌತಶಾಸ್ತ್ರ, ಯಂತ್ರಗಳ ತಿಳಿವಳಿಕೆ ಪೂರ್ತಿ ಬರಲಿ, ಆಮೇಲೆ ನೋಡೋಣ ಎಂದು ಹಾಲರ್ ತಡೆದರು. ಇಲ್ಲೂ ಮೆಕ್ಯಾನಿಕಲ್ಲೇ ಅಡ್ಡ ಬಂತು ನೋಡಿ.

ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ. ಜನ ತಂದುಕೊಟ್ಟ ಆವಿಷ್ಕಾರದ ಅರ್ಜಿ, ನಕ್ಷೆಗಳನ್ನು ಓದಿ ಇದರಲ್ಲಿ ಹೊಸದೇನಿದೆ, ಇದು ನಿಜಕ್ಕೂ ನಡೆಯುತ್ತದಾ ಅಂತ ಪರೀಕ್ಷಿಸುವ ಕೆಲಸ. ಹಾಲರ್ ಶಿಸ್ತಿನ ಮನುಷ್ಯ, ಬರವಣಿಗೆಯಲ್ಲಿ ಒಂದು ಪದ ಸಡಿಲವಾದರೂ ಬಿಡುತ್ತಿರಲಿಲ್ಲ. ಗೆಳೆಯ ಮಿಕೆಲೆ ಬೆಸ್ಸೊ 1904ರಲ್ಲಿ ಅದೇ ಕಚೇರಿ ಸೇರಿದ. ಇಬ್ಬರೂ ಮನೆಗೆ ನಡೆದು ಹೋಗುವಾಗ ಭೌತಶಾಸ್ತ್ರದ ಚರ್ಚೆ. 1905ರಲ್ಲಿ ಬಂದ ಲೇಖನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದು ನಿಮ್ಮ ಪಠ್ಯದಲ್ಲೇ ಇದೆ. ಸಾಪೇಕ್ಷತೆಯ ಲೇಖನದ ಕೊನೆಯಲ್ಲಿ ಅವನು ಧನ್ಯವಾದ ಹೇಳಿದ್ದು ಯಾವ ಪ್ರೊಫೆಸರ್‌ಗೂ ಅಲ್ಲ, ಸಹೋದ್ಯೋಗಿ ಬೆಸ್ಸೊಗೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಅದೇ ವರ್ಷ ಪಿಎಚ್‌.ಡಿ. ಪ್ರಬಂಧವೂ ಒಪ್ಪಿಗೆಯಾಯಿತು, ಒಪ್ಪಿದವರು ಕ್ಲೈನರ್. 1906ರ ಏಪ್ರಿಲ್‌ನಲ್ಲಿ ಎರಡನೇ ದರ್ಜೆಗೆ ಬಡ್ತಿ ಸಿಕ್ಕಿ ಸಂಬಳ 4,500 ಆಯಿತು.

ಇಷ್ಟಾದ ಮೇಲೆ ವಿಶ್ವವಿದ್ಯಾಲಯಗಳು ಬಾಗಿಲು ತೆರೆದು ಕರೆದಿರಬೇಕು ಎಂದುಕೊಂಡಿದ್ದೆ. ಇಲ್ಲ. 1907ರಲ್ಲಿ ಬರ್ನ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಬೇಕಾದ ಪ್ರಬಂಧ ಜೊತೆಗಿಟ್ಟಿಲ್ಲ ಎಂದು ಕೈಬಿಟ್ಟರು. 1908ರ ಜನವರಿಯಲ್ಲಿ ಜ್ಯೂರಿಕ್‌ನ ಒಂದು ಪ್ರೌಢಶಾಲೆಗೆ ಗಣಿತದ ಮೇಷ್ಟ್ರಾಗಲು ಅರ್ಜಿ ಹಾಕಿದ. ತನ್ನ ಸಂಶೋಧನಾ ಲೇಖನಗಳನ್ನೆಲ್ಲ ಲಗತ್ತಿಸಿದ್ದ. ಅರ್ಜಿ ಹಾಕಿದವರು 21 ಜನ, ಕೊನೆಯ ಮೂವರ ಪಟ್ಟಿಯಲ್ಲಿ ಐನ್‌ಸ್ಟೀನ್ ಹೆಸರಿಲ್ಲ. ಸಾಪೇಕ್ಷತೆ ಬರೆದು ಮೂರು ವರ್ಷ ಆಗುತ್ತಾ ಬಂದಿತ್ತು!

ಆ ಫೆಬ್ರವರಿಯಲ್ಲಿ ಬರ್ನ್ ವಿಶ್ವವಿದ್ಯಾಲಯ ಅವನನ್ನು ಪ್ರಿವಾಟ್‌ಡೊಸೆಂಟ್ ಮಾಡಿತು. ನಮ್ಮ ಅತಿಥಿ ಉಪನ್ಯಾಸಕರಿಗಿಂತ ಒಂದು ಕೈ ಕೆಳಗಿನ ಸ್ಥಿತಿ ಅದು. ವಿಶ್ವವಿದ್ಯಾಲಯದಿಂದ ಸಂಬಳವೇ ಇಲ್ಲ, ಕೇಳಲು ಬಂದ ವಿದ್ಯಾರ್ಥಿಗಳು ಕೊಟ್ಟ ಫೀಸಷ್ಟೇ. ಹಾಗಾಗಿ ಆಫೀಸು ಬಿಡದೆ, ಬೆಳಗ್ಗೆ ಏಳಕ್ಕೆ ಪಾಠ ಇಟ್ಟುಕೊಂಡ. ಆ ಹೊತ್ತಿಗೆ ಬಂದವರು ಮೂವರು, ಬೆಸ್ಸೊ ಮತ್ತು ಇನ್ನಿಬ್ಬರು ಗೆಳೆಯರು. ಕ್ಲೈನರ್ ಒಮ್ಮೆ ಬಂದು ಕೇಳಿ ಪಾಠ ಚೆನ್ನಾಗಿಲ್ಲ ಎಂದುಕೊಂಡು ಹೋದರು. ಅವರು ಜ್ಯೂರಿಕ್‌ನಲ್ಲಿ ಹೊಸ ಹುದ್ದೆ ಸೃಷ್ಟಿಸಲು ಓಡಾಡುತ್ತಿದ್ದರು, ಅದಕ್ಕೆ ಯಾರನ್ನು ಹಾಕಬೇಕು ಎಂದು ನೋಡಲು ಬಂದಿದ್ದರು. ಐನ್‌ಸ್ಟೀನ್ ಮುನಿಸಿಕೊಂಡು ಕೂರಲಿಲ್ಲ. 1909ರ ಫೆಬ್ರವರಿಯಲ್ಲಿ ಜ್ಯೂರಿಕ್‌ಗೆ ಹೋಗಿ ಇನ್ನೊಂದು ಉಪನ್ಯಾಸ ಕೊಟ್ಟ, ಅದು ಚೆನ್ನಾಗಿ ಬಂತು. ಅದೇ ಹುದ್ದೆಗೆ ಹೆಸರು ಕೇಳಿಬಂದಿದ್ದ ಫ್ರೀಡ್ರಿಕ್ ಅಡ್ಲರ್ ಎಂಬ ಗೆಳೆಯ, ಐನ್‌ಸ್ಟೀನ್‌ಗೇ ಸಿಗಲಿ ಎಂದು ತಾನಾಗಿ ಪಕ್ಕಕ್ಕೆ ಸರಿದ. ವಿಭಾಗದವರು ಮತ ಹಾಕಿ ಐನ್‌ಸ್ಟೀನ್‌ನನ್ನು ಆರಿಸಿದರು.

ಆಗ ಅವನು ಮಾಡಿದ್ದು ನನಗೆ ಬಹಳ ಹಿಡಿಸಿತು. ಜ್ಯೂರಿಕ್‌ನವರು ಮೊದಲು ಹೇಳಿದ ಸಂಬಳ ಪೇಟೆಂಟ್ ಆಫೀಸಿನದಕ್ಕಿಂತ ಕಡಿಮೆ ಇತ್ತು. ಒಂಬತ್ತು ವರ್ಷದಿಂದ ಕಾದ ವಿಶ್ವವಿದ್ಯಾಲಯದ ಕುರ್ಚಿ ಎದುರಿಗಿದೆ, ಒಲ್ಲೆ ಅಂದ. ಹೆಂಡತಿ, ಐದು ವರ್ಷದ ಮಗ ಇದ್ದಾರೆ, ಇರುವುದಕ್ಕಿಂತ ಕಡಿಮೆಗೆ ಬರಲಾಗದು. ಅವರು ಏರಿಸಿ 4,500 ಫ್ರಾಂಕ್ ಎಂದರು, ಸರಿಯಾಗಿ ಪೇಟೆಂಟ್ ಆಫೀಸಿನ ಸಂಬಳದಷ್ಟೇ. ಮೇ ತಿಂಗಳಲ್ಲಿ ನೇಮಕವಾಯಿತು. ಅದಾದ ಮೇಲೆ, ಜುಲೈ 6ರಂದು, ಹಾಲರ್‌ಗೆ ರಾಜೀನಾಮೆ ಕೊಟ್ಟ. ಅಕ್ಟೋಬರ್ 15ಕ್ಕೆ ಬಿಡುಗಡೆ.

ಇಪ್ಪತ್ತೆರಡರಲ್ಲಿ ಕಾಗದ ಬರುವ ಮುಂಚೆ ಹೊರಟವನು, ಮೂವತ್ತರಲ್ಲಿ ಕಾಗದ ಬಂದು, ಸಂಬಳ ಹೊಂದಿ, ಮೂರು ತಿಂಗಳ ಮುಂಚೆ ತಿಳಿಸಿ ಹೊರಟ. ಮನುಷ್ಯ ಒಬ್ಬನೇ. ಐದು ತಿಂಗಳ ಬರ್ನ್ ಅವನಿಗೆ ಎಷ್ಟು ಪಾಠ ಕಲಿಸಿತೋ ಗೊತ್ತಿಲ್ಲ, ಆದರೆ ಮತ್ತೊಮ್ಮೆ ಹಾಗೆ ಮಾಡಲಿಲ್ಲ. ಪಾಪ, ಹರ್ಮನ್ ಇದನ್ನು ನೋಡಲಿಲ್ಲ. ಆತ ಕೈಜೋಡಿಸಿ ಪತ್ರ ಬರೆದಿದ್ದ ಓಸ್ಟ್‌ವಾಲ್ಡ್ 1910ರ ನೊಬೆಲ್‌ಗೆ ಐನ್‌ಸ್ಟೀನ್ ಹೆಸರು ಸೂಚಿಸಿದರು. ಆ ಬಹುಮಾನಕ್ಕೆ ಅವನ ಹೆಸರನ್ನು ಮೊದಲು ಬರೆದು ಕಳಿಸಿದವರೇ ಅವರು.

ಮೊನ್ನೆ ರಾತ್ರಿ ಟೆರೇಸಿನಲ್ಲಿ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ನಾನು ಇಷ್ಟು ದಿನ ಬಾಯಿ ಬಿಡದೆ ಇದ್ದುದಕ್ಕೆ ಕಾರಣವಿದೆ. ನನ್ನ ಕಾಲೇಜಿನ ಫೀಸಿನಲ್ಲಿ ಅರ್ಧ, ಬಸ್ ಪಾಸು ಪೂರ್ತಿ ಅವನ ಸಂಬಳದಿಂದ. ಹೋಗು ಅಂದರೂ ಸ್ವಾರ್ಥ, ಬೇಡ ಅಂದರೂ ಸ್ವಾರ್ಥ ಅನ್ನಿಸುತ್ತಿತ್ತು. ಅವನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ, ಆ ಐದು ತಿಂಗಳು ಊಟಕ್ಕೆ ಏನು ಮಾಡಿದ ಅಂತ. ಟ್ಯೂಷನ್, ವಾಪಸ್ ಬಂದ ಫೀಸು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದ. ನಮ್ಮ ಮನೆ ಬಾಡಿಗೆ, ಗ್ಯಾಸ್, ಜನವರಿಗೆ ಕಟ್ಟಬೇಕಾದ ನನ್ನ ಫೀಸು, ಅಪ್ಪನ ಬಿ.ಪಿ. ಮಾತ್ರೆ. ಪಿ.ಎಫ್.ನಲ್ಲಿ ಎಷ್ಟಿದೆ ಅಂತಲೂ ನೋಡಿದ. ಎರಡು ತಿಂಗಳಿಗೆ ಸಾಲುತ್ತಿತ್ತು, ಮೂರಕ್ಕೆ ಸಾಲುತ್ತಿರಲಿಲ್ಲ.

ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಹೊಸ ಕಂಪನಿಯವರಿಗೆ ಮೇಲ್ ಹಾಕಿದ. ಸೇರುವ ದಿನಾಂಕ ಮತ್ತು ಕೈಗೆ ಬರುವ ಸಂಬಳ ಬರೆದ ಆಫರ್ ಲೆಟರ್ ಕಳಿಸಿದರೆ ಅದೇ ದಿನ ಇಲ್ಲಿ ರಾಜೀನಾಮೆ ಕೊಡುತ್ತೇನೆ, ಒಂದು ತಿಂಗಳ ನೋಟಿಸ್ ಇದೆ ಅಂತ. ಇಂಗ್ಲಿಷ್ ಸರಿಯಿದೆಯಾ ಅಂತ ನನ್ನ ಕೈಲಿ ಎರಡು ಸಲ ಓದಿಸಿದ. ಇವತ್ತಿಗೆ ಮೂರು ದಿನ. ಅಪ್ಪ ಕೂಡ ದಿನಕ್ಕೊಂದು ಸಲ, ಯಾರಿಗೋ ಕೇಳಿದ ಹಾಗೆ, ಮೇಲ್ ಬಂತಾ ಅಂತ ಕೇಳುತ್ತಾರೆ. ಇನ್ನೂ ಬಂದಿಲ್ಲ.